ಒಂದು ಮೊಬೈಲ್ ಕಳವು, ಎಂಟು ಪೀರಿಯಡ್: ತರಗತಿಯಲ್ಲಿ ಕ್ರಿಮಿನಲ್ ನ್ಯಾಯದ ಪಾಠ

ಕ್ರಿಮಿನಲ್ ನ್ಯಾಯ ವ್ಯವಸ್ಥೆ ಅಂದ ಕೂಡಲೇ ಬೋರ್ಡಿನ ಮೇಲೆ ಮೂರು ಚೌಕ ಬೀಳುತ್ತವೆ: ಪೊಲೀಸ್, ಕೋರ್ಟು, ಜೈಲು. ನಡುವೆ ಎರಡು ಬಾಣ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ "ಪೊಲೀಸರು ಹಿಡಿದ ಮೇಲೆ ಅವನೇ ಕಳ್ಳ ಅಲ್ವಾ ಸಾರ್?" ಅನ್ನುವ ನಂಬಿಕೆ ಕದಲಿರುವುದಿಲ್ಲ. ಅದು ಕದಲಬೇಕಾದರೆ ಸೆಕ್ಷನ್ ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ. ಒಂದೇ ಒಂದು ಸಣ್ಣ ಪ್ರಕರಣದ ಕಡತ ತಯಾರಿಸಿ, ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವುದನ್ನು ಮಕ್ಕಳಿಂದಲೇ ಮಾಡಿಸಬೇಕು. ದೂರು ಕೊಟ್ಟವರು ತನಿಖೆ ಮಾಡುವುದಿಲ್ಲ, ತನಿಖೆ ಮಾಡಿದವರು ತೀರ್ಪು ಕೊಡುವುದಿಲ್ಲ. ಇಡೀ ವ್ಯವಸ್ಥೆ ನಿಂತಿರುವುದು ಈ ಕೈ ಬದಲಾವಣೆಯ ಮೇಲೆ.

ಇಲ್ಲಿನ ಕ್ರಮ 9ನೇ ತರಗತಿಯಿಂದ ದ್ವಿತೀಯ ಪಿಯುವರೆಗಿನ ಮಕ್ಕಳಿಗೆ, 40 ನಿಮಿಷದ ಎಂಟು ಪೀರಿಯಡ್‌ಗೆ ಹೊಂದುತ್ತದೆ. ಆರಕ್ಕೆ ಇಳಿಸಬಹುದು. ಅದಕ್ಕೂ ಕಡಿಮೆ ಮಾಡಿದರೆ ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗಾಗುತ್ತದೆ.

ಯಾವ ಪ್ರಕರಣ?

ಕೊಲೆ ಬೇಡ. ಮಕ್ಕಳು ಮೊದಲು ಕೇಳುವುದು ಅದನ್ನೇ, ಆದರೆ ಕೊಲೆ ಪ್ರಕರಣದಲ್ಲಿ ರಕ್ತದ ವಿವರಕ್ಕೇ ಪೀರಿಯಡ್ ಮುಗಿದುಹೋಗುತ್ತದೆ. ನಿಮ್ಮ ಊರಿನಲ್ಲಿ ನಿಜವಾಗಿ ನಡೆದ ಪ್ರಕರಣವೂ ಬೇಡ, ಆರೋಪಿಯ ಅಣ್ಣನ ಮಗಳೋ ದೂರುದಾರರ ಮೊಮ್ಮಗನೋ ಅದೇ ಬೆಂಚಿನಲ್ಲಿ ಕೂತಿರಬಹುದು. ಮೊಬೈಲ್ ಕಳವು ಚೆನ್ನಾಗಿ ಹೊಂದುತ್ತದೆ.

ಮೊಬೈಲಿನ ಬೆಲೆಯನ್ನು ಯೋಚಿಸಿ ಇಡಿ. ಭಾರತೀಯ ನ್ಯಾಯ ಸಂಹಿತೆಯ (ಐಪಿಸಿ ಬದಲು ಬಂದ ಕಾಯ್ದೆ) 303(2)ರಲ್ಲಿ ಕಳವಿಗೆ ಗರಿಷ್ಠ 3 ವರ್ಷ ಶಿಕ್ಷೆ. ಆದರೆ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲದ ಅಪರಾಧಿ ಅದನ್ನು ಹಿಂತಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಆ ಮಟ್ಟದ ಕಳವು ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೇ ಇಳಿಯುವಂತಿಲ್ಲ. ನೀವು 4,000 ರೂಪಾಯಿಯ ಮೊಬೈಲ್ ಇಟ್ಟರೆ ಎಫ್‌ಐಆರ್ ಪಾಠವೇ ಕೈತಪ್ಪುತ್ತದೆ. 20,000 ರೂಪಾಯಿವರೆಗಿನ ಕಳವಾದರೆ ಸಂಕ್ಷಿಪ್ತ ವಿಚಾರಣೆ, ಅದರಲ್ಲಿ ಹಂತಗಳು ಕಡಿಮೆ. ಹಾಗಾಗಿ 24,000 ಎಂದು ಬರೆಯಿರಿ, ಎಲ್ಲ ಹಂತಗಳೂ ಸಿಗುತ್ತವೆ. ಮೊಬೈಲನ್ನು ಚೀಲದಿಂದ ಎತ್ತಿದ್ದು ಎಂದಿರಲಿ. ಕೈಯಿಂದ ಕಿತ್ತುಕೊಂಡು ಓಡಿದರೆ ಅದು 304ನೇ ಸೆಕ್ಷನ್ನಿನ ಕಸಿಯುವಿಕೆ ಆಗುತ್ತದೆ. ಮನೆಯೊಳಗಿಂದ ಕದ್ದರೆ 305, ಶಿಕ್ಷೆ 7 ವರ್ಷದವರೆಗೆ.

ಹೆಸರು ಇಡುವಾಗಲೂ ಎಚ್ಚರ ಬೇಕು. ಆರೋಪಿಗೆ ಯಾವ ಹೆಸರಿಟ್ಟರೂ ಜಾತಿಯೋ ಧರ್ಮವೋ ಇಣುಕುತ್ತದೆ, ತರಗತಿ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ನದಿಗಳ ಹೆಸರು ಸಲೀಸು. ದೂರುದಾರೆ ಹೇಮಾವತಿ, ಆರೋಪಿ ಶಿಂಷಾ (22 ವರ್ಷ), ಬಸ್ ನಿಲ್ದಾಣದ ಟೀ ಅಂಗಡಿಯವರು ಭದ್ರಾ, ಪಂಚರಾಗಿ (ಮಹಜರಿಗೆ, ಅಂದರೆ ಪೊಲೀಸರು ಸ್ಥಳದಲ್ಲೇ ಬರೆಯುವ ದಾಖಲೆಗೆ, ಸಹಿ ಹಾಕುವ ಸಾಕ್ಷಿ) ಕಪಿಲಾ, ಮೊಬೈಲ್ ರಿಪೇರಿ ಅಂಗಡಿಯವರು ತುಂಗಾ.

ಕಥೆ ಇಷ್ಟೇ. ಶನಿವಾರ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಹೇಮಾವತಿಯ ಚೀಲದಿಂದ ಮೊಬೈಲ್ ಹೋಯಿತು. ಸಂಜೆ ಶಿಂಷಾ ಒಂದು ಮೊಬೈಲ್ ಹಿಡಿದು ಲಾಕ್ ತೆಗೆಸಲು ತುಂಗಾನ ಅಂಗಡಿಗೆ ಬಂದ. ತುಂಗಾ ಠಾಣೆಗೆ ಫೋನ್ ಮಾಡಿದ. ಶಿಂಷಾ ಹೇಳುವುದು: "ಬಸ್ ನಿಲ್ದಾಣದಲ್ಲಿ ಯಾರೋ 6,000ಕ್ಕೆ ಮಾರಿದರು, ಬಿಲ್ ಇಲ್ಲ."

ಕಡತ

ಎಂಟು ಹಾಳೆ ಸಾಕು: ದೂರು, ಎಫ್‌ಐಆರ್, ಸ್ಥಳ ಮಹಜರು (ನಕ್ಷೆ ಸಹಿತ), ಜಪ್ತಿ ಮಹಜರು, ಬಂಧನ ಮೆಮೊ, ಸಾಕ್ಷಿಗಳ ಹೇಳಿಕೆ, ಆರೋಪಿಯ ಹೇಳಿಕೆ, ದೋಷಾರೋಪಣ ಪಟ್ಟಿ (ಚಾರ್ಜ್ ಶೀಟ್). ಯಾವುದೂ ಒಂದು ಪುಟ ದಾಟಬಾರದು. ಎಫ್‌ಐಆರ್ ನಮೂನೆ ಹೇಗಿರುತ್ತದೆ ಎಂಬುದನ್ನು ಪೊಲೀಸ್ ಜಾಲತಾಣದಲ್ಲಿ ನೋಡಿಕೊಳ್ಳಿ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ನಮೂನೆ ಮಾತ್ರ ತೆಗೆದುಕೊಳ್ಳಿ, ನಿಜವಾದವರ ಹೆಸರು ತರಗತಿಗೆ ತರಬೇಡಿ.

ಸಹಿ ವಿಷಯದಲ್ಲಿ ಹೆಚ್ಚಿನ ಮಾದರಿ ಕಡತಗಳು ಎಡವುತ್ತವೆ. ದೂರಿಗೆ ದೂರುದಾರರ ಸಹಿ ಬೇಕು, ಮಹಜರಿಗೆ ಪಂಚರ ಸಹಿ ಬೇಕು. ಆದರೆ ತನಿಖಾಧಿಕಾರಿ ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ. ಮಕ್ಕಳು "ಸಹಿ ಬಿಟ್ಟುಹೋಗಿದೆ" ಎಂದು ತಂದು ತೋರಿಸುತ್ತಾರೆ. ಆಗ ಕಾರಣ ಹೇಳಿ: ಸಾಕ್ಷಿ ಕೋರ್ಟಿನಲ್ಲಿ ಬಾಯಿ ಬಿಟ್ಟು ಹೇಳಿದ್ದೇ ಸಾಕ್ಷ್ಯ, ಠಾಣೆಯ ಹಾಳೆಗೆ ಅವರನ್ನು ಕಟ್ಟಿಹಾಕಬಾರದು.

ಇನ್ನು ಬೇಕೆಂದೇ ಮೂರು ಕೊಕ್ಕೆ ಇಡಿ. ಮೂರೇ. ಏಳೆಂಟು ಇಟ್ಟರೆ ಪಾಠ ಹೋಗಿ ಪದಬಂಧ ಬಿಡಿಸುವ ಆಟವಾಗುತ್ತದೆ.

ಮೊದಲನೆಯದು ಐಎಂಇಐ, ಅಂದರೆ ಮೊಬೈಲಿನ ಗುರುತಿನ ಸಂಖ್ಯೆ. ಎರಡು ಸಿಮ್‌ನ ಮೊಬೈಲಿಗೆ 15 ಅಂಕಿಯ ಎರಡು ಐಎಂಇಐ ಇರುತ್ತವೆ. ದೂರಿನಲ್ಲಿ ಒಂದನೆಯದನ್ನು ಬರೆಯಿರಿ, ಜಪ್ತಿ ಮಹಜರಿನಲ್ಲಿ ಎರಡನೆಯದನ್ನು. ನೋಡಿದ ಕೂಡಲೇ "ಬೇರೆ ಮೊಬೈಲ್!" ಎಂದು ಆರೋಪಿ ಪರ ವಕೀಲರು ಕುಣಿಯುತ್ತಾರೆ. ಮೊಬೈಲಿನ ಡಬ್ಬಿಯ ಮೇಲೆ ಎರಡೂ ಸಂಖ್ಯೆ ಅಚ್ಚಾಗಿವೆ ಎಂಬುದು ಸರ್ಕಾರಿ ಅಭಿಯೋಜಕರಿಗೆ (ಸರ್ಕಾರದ ಪರ ವಕೀಲರಿಗೆ) ಹೊಳೆಯಬೇಕು. ಹೊಳೆಯದಿದ್ದರೆ ನೀವು ಬಾಯಿ ಬಿಡಬೇಡಿ. ನಿಜವಾದ ಕೋರ್ಟಿನಲ್ಲೂ ಕೇಳದ ಪ್ರಶ್ನೆಗೆ ಉತ್ತರ ದಾಖಲಾಗುವುದಿಲ್ಲ. (ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿ ನಿಮ್ಮದೇ ಮೊಬೈಲಿನಲ್ಲಿ ಎರಡು ಸಂಖ್ಯೆ ತೋರಿಸುವುದಿದ್ದರೆ ವಿಚಾರಣೆ ಮುಗಿದ ಮೇಲೆ ತೋರಿಸಿ.)

ಎರಡನೆಯದು ಸಮಯ. ಸ್ಥಳ ಮಹಜರು ಬಸ್ ನಿಲ್ದಾಣದಲ್ಲಿ ಸಂಜೆ 4.45ರಿಂದ 5.45ರವರೆಗೆ. ಬಂಧನ ಮೆಮೊ ರಿಪೇರಿ ಅಂಗಡಿಯಲ್ಲಿ 5.30ಕ್ಕೆ. ಎರಡಕ್ಕೂ ಒಬ್ಬರೇ ಅಧಿಕಾರಿ. ಮೂರನೆಯದು ನಕ್ಷೆಯಲ್ಲಿದೆ: ಟೀ ಅಂಗಡಿಗೂ ಹೇಮಾವತಿ ಕೂತ ಬೆಂಚಿಗೂ 60 ಅಡಿ, ನಡುವೆ ಒಂದು ದಪ್ಪ ಕಂಬ. "ಬೂದು ಅಂಗಿಯವನು ಚೀಲಕ್ಕೆ ಕೈ ಹಾಕಿದ್ದನ್ನು ನೋಡಿದೆ" ಎಂದು ಭದ್ರಾ ಹೇಳಿಕೆ ಕೊಟ್ಟಿದ್ದಾರೆ.

ಮಾತಿನಿಂದ ಶುರು

ಮೊದಲ ಪೀರಿಯಡ್‌ಗೆ ಹಿಂದಿನ ವಾರದ ಪತ್ರಿಕೆಗಳ ಅಪರಾಧ ಸುದ್ದಿ ತರಿಸಿ. "ಕಳ್ಳನ ಬಂಧನ", "ಖದೀಮರು ಅಂದರ್" ಇಂಥ ತಲೆಬರಹಗಳು ಹೇರಳವಾಗಿ ಸಿಗುತ್ತವೆ. ಪ್ರತಿಯೊಂದನ್ನೂ ಮಕ್ಕಳು ತಿದ್ದಿ ಬರೆಯಲಿ: "ಕಳವು ಆರೋಪ: ಒಬ್ಬನ ಬಂಧನ." ಆರೋಪಿ ಯಾವಾಗ ಅಪರಾಧಿ ಆಗುತ್ತಾನೆ? ತೀರ್ಪಿನ ದಿನ, ಅದಕ್ಕೆ ಮುಂಚೆ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕ ಇಲ್ಲೇ ಹೇಳಿ: ಆ ವರ್ಷದ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ವಿಚಾರಣೆ ಇನ್ನೂ ಮುಗಿಯದವರು. ಜೈಲಿನಲ್ಲಿರುವವರೆಲ್ಲ ಅಪರಾಧಿಗಳು ಎಂಬ ಎಣಿಕೆ ಈ ಒಂದು ಅಂಕಿಗೇ ಕುಸಿಯುತ್ತದೆ.

ಹಳೆಯ ನಂಬರುಗಳ ಗೊಂದಲವನ್ನೂ ಅದೇ ದಿನ ಬಿಡಿಸಿ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮ. ಮನೆಯಲ್ಲಿ ಅಪ್ಪ ಬೈಯುವ "ಫೋರ್ ಟ್ವೆಂಟಿ" ಈಗ 318(4), ಸಿನಿಮಾದ 302 ಈಗ 103(1). ಆ ದಿನಾಂಕಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ಐಪಿಸಿಯೇ ಅನ್ವಯ. ಕೋರ್ಟ್ ನೋಡಲು ಹೋದಾಗ ಎರಡೂ ನಂಬರು ಕಿವಿಗೆ ಬೀಳುವುದು ಅದಕ್ಕೇ.

ದೂರಿನಿಂದ ರಿಮಾಂಡಿನವರೆಗೆ

ಎರಡನೆಯ ಪೀರಿಯಡ್‌ನಲ್ಲಿ ಎಲ್ಲರೂ ಹೇಮಾವತಿಯಾಗಿ ದೂರು ಬರೆಯಲಿ, 15 ನಿಮಿಷ. ಬರೆದದ್ದನ್ನು ಪಕ್ಕದವರಿಗೆ ಕೊಡಿ, ಅವರು ಠಾಣಾಧಿಕಾರಿ. ಎಲ್ಲಿ, ಎಷ್ಟು ಹೊತ್ತಿಗೆ, ಏನು ಹೋಯಿತು, ಗುರುತು ಏನು, ಯಾರಾದರೂ ನೋಡಿದರೇ? ಉತ್ತರ ಸಿಗದ ಕಡೆ ಕೆಂಪು ಗೆರೆ ಎಳೆಯಲಿ. ಅರ್ಧಕ್ಕರ್ಧ ದೂರುಗಳಲ್ಲಿ ಹೊತ್ತು ಇರುವುದಿಲ್ಲ. ಮೊಬೈಲಿನ ಗುರುತು ಬರೆಯಿರಿ ಅಂದರೆ "ಕಪ್ಪು ಬಣ್ಣದ್ದು" ಎಂದು ನಿಲ್ಲಿಸಿರುತ್ತಾರೆ.

ಎಫ್‌ಐಆರ್ ಬಗ್ಗೆ ನಾಲ್ಕು ಮಾತು ಗಟ್ಟಿಯಾಗಿ ಹೇಳಿ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ದಾಖಲಿಸುವುದು ಕಡ್ಡಾಯ (2013ರ ಲಲಿತಾ ಕುಮಾರಿ ತೀರ್ಪು). "ನಮ್ಮ ಸರಹದ್ದಲ್ಲ" ಎಂದು ಹಿಂದೆ ಕಳಿಸುವಂತಿಲ್ಲ, ಝೀರೋ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಪ್ರತಿ ಉಚಿತ. ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದು ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಇವೆಲ್ಲ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಲ್ಲಿವೆ. ಇನ್ನೊಂದು ಮಾತು: ಎಫ್‌ಐಆರ್ ಅಂದರೆ ಅಪರಾಧ ಸಾಬೀತಾಯಿತು ಅಂತಲ್ಲ, ತನಿಖೆಯ ಬಾಗಿಲು ತೆರೆಯಿತು ಅಂತ.

ಮೂರನೆಯದು ಮಹಜರಿನ ದಿನ. ಪಾಠದ ನಡುವೆ ಒಬ್ಬ ವಿದ್ಯಾರ್ಥಿ ಬಂದು ಮೇಜಿನ ಮೇಲಿನ ಡಸ್ಟರ್ ಎತ್ತಿಕೊಂಡು ಹೋಗಲಿ. 20 ಸೆಕೆಂಡ್ ಸಾಕು. ಕೂಗಾಟ, ತಳ್ಳಾಟ ಬೇಡ, ಕೆಲವು ಮಕ್ಕಳಿಗೆ ಅದು ಆಟವಾಗಿ ಕಾಣುವುದಿಲ್ಲ. ಎರಡು ನಿಮಿಷ ಬಿಟ್ಟು, ಯಾರೂ ಮಾತಾಡದೆ ಕಂಡದ್ದನ್ನು ಬರೆಯಲು ಹೇಳಿ: ಅಂಗಿಯ ಬಣ್ಣ, ಯಾವ ಕೈಯಲ್ಲಿ ಎತ್ತಿದ, ಬಾಗಿಲು ಮುಚ್ಚಿದನೋ ಇಲ್ಲವೋ. ಉತ್ತರಗಳನ್ನು ಬೋರ್ಡಿನ ಮೇಲೆ ಎಣಿಸಿ. ಕಣ್ಣಾರೆ ಕಂಡ ಸಾಕ್ಷಿ ಸುಳ್ಳು ಹೇಳದೆಯೂ ತಪ್ಪು ಹೇಳಬಲ್ಲ ಎಂಬುದು ಇದಕ್ಕಿಂತ ಚೆನ್ನಾಗಿ ಬೇರೆ ಯಾವುದರಿಂದಲೂ ತಿಳಿಯುವುದಿಲ್ಲ. ಆಮೇಲೆ ಟೇಪು ಹಿಡಿದು ನಕ್ಷೆ ಬರೆಸಿ, ಇಬ್ಬರು ಪಂಚರ ಸಹಿ ಹಾಕಿಸಿ. ಶೋಧ ಮತ್ತು ಜಪ್ತಿಯನ್ನು ಈಗ ಆಡಿಯೊ-ವಿಡಿಯೊ ದಾಖಲೆ ಮಾಡಬೇಕು (ಅದೇ ಸಂಹಿತೆಯ 105ನೇ ಸೆಕ್ಷನ್), ಹಾಗಾಗಿ ಒಬ್ಬರಿಗೆ ವಿಡಿಯೊ ಕೆಲಸ ಕೊಡಿ.

ನಾಲ್ಕನೆಯದು ಬಂಧನ. ಮೊದಲ ಪ್ರಶ್ನೆ: ಶಿಂಷಾನನ್ನು ಬಂಧಿಸಲೇಬೇಕಿತ್ತೇ? 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಬಂಧನ ಯಾಕೆ ಬೇಕಾಯಿತು ಎಂಬ ಕಾರಣ ಬರೆದಿಡಬೇಕು. ಬೇಡವೆನಿಸಿದರೆ ಹಾಜರಾಗಲು ನೋಟಿಸ್ ಕೊಟ್ಟರೆ ಸಾಕು (35ನೇ ಸೆಕ್ಷನ್, 2014ರ ಅರ್ನೇಶ್ ಕುಮಾರ್ ತೀರ್ಪು). ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು, ಮೆಮೊಗೆ ಸಾಕ್ಷಿ ಸಹಿ ಬೇಕು, ವೈದ್ಯಕೀಯ ಪರೀಕ್ಷೆ ಆಗಬೇಕು.

ಎರಡನೆಯ ಪ್ರಶ್ನೆ ಲೆಕ್ಕದ್ದು. ಶನಿವಾರ ಸಂಜೆ 5.30ಕ್ಕೆ ಬಂಧನ. ಯಾವಾಗ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು? "ಸೋಮವಾರ ಬೆಳಿಗ್ಗೆ, ಭಾನುವಾರ ಕೋರ್ಟ್ ರಜ" ಎಂದು ಬಹುತೇಕ ಮಕ್ಕಳು ಬರೆಯುತ್ತಾರೆ. ತಪ್ಪು. ಸಂವಿಧಾನದ 22(2)ನೇ ವಿಧಿ ರಜೆ ನೋಡುವುದಿಲ್ಲ. 24 ಗಂಟೆ, ಅದರ ಮೇಲೆ ಪ್ರಯಾಣಕ್ಕೆ ತಗಲುವ ಹೊತ್ತು ಮಾತ್ರ. ಭಾನುವಾರ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ.

'ಜಾಮೀನುರಹಿತ ಅಪರಾಧ' ಎಂಬ ಮಾತು ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಜಾಮೀನೇ ಸಿಗದು ಅಂತ ಅರ್ಥವಲ್ಲ. ಹಕ್ಕಾಗಿ ಸಿಗದು, ಕೋರ್ಟಿನ ವಿವೇಚನೆಗೆ ಬಿಟ್ಟದ್ದು ಅಂತ. ನಮ್ಮ ಪ್ರಕರಣದಲ್ಲಿ 60 ದಿನದೊಳಗೆ ದೋಷಾರೋಪಣ ಪಟ್ಟಿ ಬರದಿದ್ದರೆ, ಶಿಂಷಾ ಜಾಮೀನು ಕೊಡಲು ಸಿದ್ಧನಿದ್ದರೆ, ಅದು ಹಕ್ಕೇ ಆಗುತ್ತದೆ. ವಕೀಲರಿಗೆ ದುಡ್ಡಿಲ್ಲದಿದ್ದರೆ? ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ. ಸಹಾಯವಾಣಿ 15100 ಎಂದು ಬೋರ್ಡಿನ ಮೂಲೆಯಲ್ಲಿ ಬರೆದು, ಎಂಟು ಪೀರಿಯಡ್ ಮುಗಿಯುವವರೆಗೂ ಅಳಿಸಬೇಡಿ.

ಅಣಕು ವಿಚಾರಣೆ

ಎರಡು ಪೀರಿಯಡ್ ಬೇಕು. ಸಿನಿಮಾದಿಂದ ಬಂದ ಸಾಮಾನನ್ನು ಮೊದಲು ಹೊರಗಿಡಿ. ನಮ್ಮ ಕೋರ್ಟಿನಲ್ಲಿ ಮರದ ಸುತ್ತಿಗೆ ಕುಟ್ಟುವ ರೂಢಿ ಇಲ್ಲ. ಭಗವದ್ಗೀತೆ ಮುಟ್ಟಿಸುವುದಿಲ್ಲ, ದೇವರ ಹೆಸರಿನಲ್ಲಿ ಪ್ರಮಾಣ ಅಥವಾ ದೇವರನ್ನು ಹೆಸರಿಸದ ದೃಢೀಕರಣ, ಎರಡರಲ್ಲಿ ಒಂದು. ಕ್ರಿಮಿನಲ್ ಪ್ರಕರಣಗಳಲ್ಲಿ ಈಗ ಜ್ಯೂರಿ (ತೀರ್ಪು ಹೇಳುವ ನಾಗರಿಕರ ಗುಂಪು) ಇಲ್ಲ, ಆದ್ದರಿಂದ ಉಳಿದ ಮಕ್ಕಳನ್ನು ಜ್ಯೂರಿ ಮಾಡಿ ಕೈ ಎತ್ತಿಸಬೇಡಿ. ವಿದೇಶಿ ಮಾದರಿ ನೋಡಿ ಮಾಡುವವರು ಇಲ್ಲೇ ಬೀಳುವುದು.

45 ಮಕ್ಕಳಲ್ಲಿ ಪಾತ್ರ ಸಿಗುವುದು 13 ಮಂದಿಗೆ: ನ್ಯಾಯಾಧೀಶರು, ಇಬ್ಬರು ಸಹಾಯಕ ಸರ್ಕಾರಿ ಅಭಿಯೋಜಕರು, ಇಬ್ಬರು ಆರೋಪಿ ಪರ ವಕೀಲರು, ಆರೋಪಿ, ಐದು ಸಾಕ್ಷಿಗಳು (ತನಿಖಾಧಿಕಾರಿ ಸೇರಿ), ಬೆಂಚ್ ಕ್ಲರ್ಕ್, ಹೆಸರು ಕೂಗುವವರು. ಉಳಿದ 32 ಮಂದಿ ಸುಮ್ಮನೆ ಕೂರಬಾರದು. ಪ್ರತಿಯೊಬ್ಬರೂ ನ್ಯಾಯಾಧೀಶರೇ, ಸಾಕ್ಷ್ಯ ಬರೆದುಕೊಂಡು ಕೊನೆಗೆ ಒಂದು ಪುಟದ ತೀರ್ಪು ಬರೆಯಬೇಕು. ಸಾಕ್ಷಿಗಳನ್ನು ಹೊರಗೆ ನಿಲ್ಲಿಸಿ, ಹೆಸರು ಕೂಗಿದ ಮೇಲೆ ಒಬ್ಬೊಬ್ಬರೇ ಬರಲಿ. ಒಳಗೆ ಕೂತು ಕೇಳಿಸಿಕೊಂಡರೆ ಎಲ್ಲರ ಮಾತೂ ಒಂದೇ ಅಚ್ಚಿನಲ್ಲಿ ಬರುತ್ತದೆ.

ಪ್ರತಿ ಸಾಕ್ಷಿಗೆ ಮುಖ್ಯ ವಿಚಾರಣೆ (ಕರೆತಂದ ಪಕ್ಷದ ವಕೀಲರ ಪ್ರಶ್ನೆ) 4 ನಿಮಿಷ, ಪಾಟೀ ಸವಾಲು (ಎದುರು ಪಕ್ಷದ ವಕೀಲರ ಪ್ರಶ್ನೆ) 5 ನಿಮಿಷ. ಮುಖ್ಯ ವಿಚಾರಣೆಯಲ್ಲಿ ಉತ್ತರ ಬಾಯಿಗಿಡುವ ಪ್ರಶ್ನೆ ಕೂಡದು. "ನೀವು ಬೂದು ಅಂಗಿಯವನನ್ನು ನೋಡಿದಿರಿ ಅಲ್ಲವೇ?" ತಪ್ಪು. "ಏನು ನೋಡಿದಿರಿ?" ಸರಿ. ಪಾಟೀ ಸವಾಲಿನಲ್ಲಿ ಮೊದಲನೆಯ ಬಗೆ ನಡೆಯುತ್ತದೆ, ಅದೇ ಅದರ ಅಸ್ತ್ರ. ಮಕ್ಕಳು ಪಾಟೀ ಸವಾಲನ್ನು ಜಗಳ ಅಂದುಕೊಳ್ಳುತ್ತಾರೆ, ದನಿ ಏರುತ್ತದೆ. ಒಂದು ನಿಯಮ ಹಾಕಿ: ಪ್ರತಿ ಪ್ರಶ್ನೆ ಕಡತದ ಒಂದು ಹಾಳೆಯನ್ನು ತೋರಿಸಿಯೇ ಕೇಳಬೇಕು. "ಈ ನಕ್ಷೆಯಲ್ಲಿ ಕಂಬ ಎಲ್ಲಿದೆ?" ಎಂದು ಕೇಳಿ ಸುಮ್ಮನಾದರೆ ಸಾಕು. "ಹಾಗಾದರೆ ನೀವು ಸುಳ್ಳು ಹೇಳುತ್ತಿದ್ದೀರಿ!" ಎಂದು ಕೂಗಿದರೆ ಸಾಕ್ಷಿಗೆ ಸಮಜಾಯಿಷಿ ಹೇಳಲು ದಾರಿ ಮಾಡಿಕೊಟ್ಟಂತೆ.

ಪಂಚ ಕಪಿಲಾಗೆ ಗುಟ್ಟಾಗಿ ಒಂದು ಚೀಟಿ ಕೊಡಿ: "ನಾನು ಅಂಗಡಿಗೆ ಹೋಗಲೇ ಇಲ್ಲ, ಠಾಣೆಯಲ್ಲಿ ಸಹಿ ಹಾಕಿದೆ ಎಂದು ಹೇಳು." ಇದು ಸಾಕ್ಷಿ ಪ್ರತಿಕೂಲವಾಗುವುದು. ಅಭಿಯೋಜಕರ ಮುಖ ಬಾಡುತ್ತದೆ. ಆಗ ನ್ಯಾಯಾಧೀಶರ ಅನುಮತಿ ಪಡೆದು ತಮ್ಮದೇ ಸಾಕ್ಷಿಗೆ ಪಾಟೀ ಸವಾಲು ಹಾಕಬಹುದು ಎಂದು ತಿಳಿಸಿ.

ಇಡೀ ಪಾಠದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಆರೋಪಿಯ ಹೇಳಿಕೆ. ಹಾಳೆಯಲ್ಲಿ ಹೀಗಿರಲಿ: "ಮೊಬೈಲನ್ನು ನಾನೇ ಕದ್ದೆ. ಅದರ ಕವರನ್ನು ನಿಲ್ದಾಣದ ಹಿಂದಿನ ಕಲ್ಲಿನ ಸಂದಿಯಲ್ಲಿ ಹಾಕಿದ್ದೇನೆ, ಬಂದರೆ ತೋರಿಸುತ್ತೇನೆ." ಕವರ್ ಅಲ್ಲೇ ಸಿಕ್ಕಿದೆ. ಅಭಿಯೋಜಕರು ಮೊದಲ ವಾಕ್ಯ ಓದಲು ಹೋಗುತ್ತಾರೆ, ಓದುವಂತಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ತರಲಾಗದು (ಸಾಕ್ಷ್ಯ ಅಧಿನಿಯಮ, 23). ಆ ಮಾತಿನಿಂದ ವಸ್ತು ಪತ್ತೆಯಾದರೆ, ಪತ್ತೆಗೆ ಕಾರಣವಾದ ಭಾಗ ಮಾತ್ರ ಒಳಗೆ ಬರುತ್ತದೆ. ಮಕ್ಕಳು ಪೆನ್ಸಿಲಿನಿಂದ "ನಾನೇ ಕದ್ದೆ" ಹೊಡೆದುಹಾಕಲಿ. "ಅವನೇ ಒಪ್ಪಿಕೊಂಡಿದ್ದಾನಲ್ಲ ಮೇಡಂ, ಇನ್ನೇನು?" ಎಂಬ ಮಾತು ಬಂದೇ ಬರುತ್ತದೆ. ಉತ್ತರ ಹೇಳಬೇಡಿ. ಲಾಕಪ್ಪಿನಲ್ಲಿ ಒಬ್ಬನೇ ಇದ್ದವನ ಬಾಯಿಂದ ಆ ಮಾತು ಹೇಗೆಲ್ಲ ಬಂದಿರಬಹುದು ಎಂದು ಪಟ್ಟಿ ಮಾಡಿಸಿ.

ಇನ್ನೊಂದು ಉಪಾಯ, ಕೊಂಚ ತಂಟೆಯದು. ಎರಡನೆಯ ದಿನ ಒಬ್ಬ ಸಾಕ್ಷಿ ಬೇಕೆಂದೇ ಗೈರಾಗಲಿ, ನ್ಯಾಯಾಧೀಶರು ಮುಂದಿನ ವಾಯಿದೆ ಕೊಡಲಿ. ತಯಾರಾಗಿ ಬಂದ ಮಕ್ಕಳು ಸಿಟ್ಟಾಗುತ್ತಾರೆ. ಆ ಸಿಟ್ಟಿನಲ್ಲೇ ಕೇಳಿ: ಶಿಂಷಾ ಇಷ್ಟು ದಿನ ಎಲ್ಲಿದ್ದ? ಹೇಮಾವತಿಯ ಮೊಬೈಲ್ ಎಲ್ಲಿದೆ? ಮೊಬೈಲಿನ ಬಗ್ಗೆ ಉತ್ತರವಿದೆ, ಕೋರ್ಟಿಗೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಮಧ್ಯಂತರವಾಗಿ ಪಡೆಯಬಹುದು.

ತೀರ್ಪನ್ನು ತಿದ್ದುವಾಗ ಶಿಕ್ಷೆಯೋ ಖುಲಾಸೆಯೋ ಎಂಬುದಕ್ಕೆ ಅಂಕವಿಲ್ಲ. ಯಾವ ಸಾಕ್ಷ್ಯ ನಂಬಿದೆ, ಯಾವುದನ್ನು ಬಿಟ್ಟೆ, ಯಾಕೆ, ಇವಕ್ಕೆ ಅಂಕ. ಕಳವಾದ ಕೆಲವೇ ಹೊತ್ತಿನಲ್ಲಿ ಮಾಲು ಕೈಯಲ್ಲಿದ್ದರೆ, ಎಲ್ಲಿಂದ ಬಂತೆಂದು ವಿವರಿಸಲಾಗದಿದ್ದರೆ, ಕೋರ್ಟು ವಿರುದ್ಧವಾಗಿ ಊಹಿಸಬಹುದು. 6,000ಕ್ಕೆ ಬಿಲ್ ಇಲ್ಲದೆ ಕೊಂಡೆ ಎಂಬ ವಿವರಣೆ ಸಾಕೇ? ತರಗತಿ ಇಲ್ಲಿ ಎರಡು ಹೋಳಾಗಬೇಕು. ಆಗದಿದ್ದರೆ ನಿಮ್ಮ ಕಡತ ಒಂದು ಕಡೆ ವಾಲಿದೆ, ಮುಂದಿನ ವರ್ಷಕ್ಕೆ ತಿದ್ದಿಕೊಳ್ಳಿ.

ಕೋರ್ಟಿಗೆ ಕರೆದೊಯ್ಯುವುದು

ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಪತ್ರ ಬರೆಯಿರಿ, ಅನುಮತಿ, ದಿನ ಎರಡೂ ಅವರ ಮೂಲಕ ಸುಲಭ. ಒಂದು ಸಲಕ್ಕೆ 15ರಿಂದ 20 ಮಕ್ಕಳು. 11 ಗಂಟೆಗೆ ಹೋದರೆ ಮೊದಲು ಕಾಣುವುದು ಹೆಸರು ಕೂಗುವುದು, ವಾಯಿದೆ ಕೊಡುವುದು. ಸಾಕ್ಷಿ ವಿಚಾರಣೆ ಯಾವ ಹೊತ್ತಿಗೆ ಎಂದು ಬೆಂಚ್ ಕ್ಲರ್ಕ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಮೊಬೈಲ್ ಬಂದ್, ಫೋಟೊ ಇಲ್ಲ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ) ವಿಚಾರಣೆಗೂ ಬಾಲ ನ್ಯಾಯ ಮಂಡಳಿಗೂ ಪ್ರವೇಶ ಕೇಳಲೇಬೇಡಿ. ಠಾಣೆ ನೋಡಲು ಕರ್ನಾಟಕ ಪೊಲೀಸರ 'ತೆರೆದ ಮನೆ' ಕಾರ್ಯಕ್ರಮವಿದೆ.

ಈ ಪಾಠದ ನಡುವೆ ಯಾವುದಾದರೂ ಮಗು ಬಂದು ತನಗೇ ಆದದ್ದನ್ನು ಹೇಳಬಹುದು. ಲೈಂಗಿಕ ದೌರ್ಜನ್ಯದ ಮಾತಾದರೆ ನೀವು ತನಿಖೆಗೆ ಇಳಿಯಬೇಡಿ, ಮತ್ತೆ ಮತ್ತೆ ಕೇಳಬೇಡಿ, ಮುಖ್ಯೋಪಾಧ್ಯಾಯರ ಮಟ್ಟದಲ್ಲಿ "ಸರಿಮಾಡಿಕೊಳ್ಳಲು" ಬಿಡಬೇಡಿ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098.

ಶಿಂಷಾಗೆ 16 ವರ್ಷವಾದರೆ?

ಕೊನೆಯ ಪೀರಿಯಡ್‌ನಲ್ಲಿ ಆರೋಪಿಯ ವಯಸ್ಸನ್ನು ಮಾತ್ರ ಬದಲಿಸಿ, ಕಡತದ ಯಾವ ಹಾಳೆ ಉಳಿಯುತ್ತದೆ ನೋಡಿ ಅನ್ನಿ. 3 ವರ್ಷದವರೆಗಿನ ಶಿಕ್ಷೆಯ ಅಪರಾಧ ಬಾಲ ನ್ಯಾಯ ಕಾಯ್ದೆಯಲ್ಲಿ ಕ್ಷುಲ್ಲಕ ಅಪರಾಧ. ಎಫ್‌ಐಆರ್ ಇಲ್ಲ, ಠಾಣೆಯ ದಿನಚರಿಯಲ್ಲಿ ನಮೂದು ಮತ್ತು ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ. ಲಾಕಪ್ ಇಲ್ಲ, ಬೇಡಿ ಇಲ್ಲ. ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುವ ಮಂಡಳಿ, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು. ಆಗಲೂ ಮುಗಿಯದಿದ್ದರೆ ಪ್ರಕರಣವೇ ಮುಕ್ತಾಯ. ಹೆಸರು, ಶಾಲೆ, ಫೋಟೊ ಯಾವುದನ್ನೂ ಪತ್ರಿಕೆ ಹಾಕುವಂತಿಲ್ಲ. ಎಂಟು ಹಾಳೆಯಲ್ಲಿ ಎರಡೋ ಮೂರೋ ಉಳಿಯುತ್ತವೆ, ಉಳಿದವನ್ನು ಮಕ್ಕಳು ತಾವೇ ಮಡಚಿ ಪಕ್ಕಕ್ಕಿಡಲಿ.

ಆದರೆ ಶಿಂಷಾಗೆ 16 ಎಂದು ಮಂಡಳಿ ಹೇಗೆ ನಂಬುತ್ತದೆ? ಬಾಲ ನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ, ನಗರಸಭೆಯ ಜನನ ಪತ್ರ. ಎಲುಬಿನ ಪರೀಕ್ಷೆ ಎಲ್ಲಕ್ಕೂ ಕೊನೆ. ನಿಮ್ಮ ಶಾಲೆಯ ದಾಖಲಾತಿ ವಹಿಯ ಖಾಲಿ ನಮೂನೆಯೊಂದನ್ನು ಆಫೀಸಿನಿಂದ ತಂದು ಕೊನೆಯ ಹಾಳೆಯಾಗಿ ಕಡತಕ್ಕೆ ಸೇರಿಸಿ, 'ಜನ್ಮ ದಿನಾಂಕ' ಎಂಬ ಕಾಲಮ್ಮಿನ ಮೇಲೆ ಬೆರಳಿಟ್ಟು ತೋರಿಸಿ.